ಕೊನೆಯ ಸಾಲಿನ ನಾಲ್ಕು ಕಂಬ

ಜನವರಿ 6
ಟಿಕೆಟ್ ಕೋಣೆಯಿಂದ

ಸಮುದ್ರದ ತಳ ಗುಡಿಸುತ್ತಿರುವ ನನ್ನ ತಮ್ಮನಿಗೆ,

ನೀನು ಬಾರ್ಜ್ ಎಂಬ ಆ ಚಪ್ಪಟೆ ಹಡಗು ಹತ್ತಿ ತಿಂಗಳಾಯಿತು. ಇಲ್ಲಿಯವರೆಗೆ ನಿನ್ನಿಂದ ಬಂದದ್ದು ಎರಡು ಸಾಲು: "ತಲುಪಿದೆ. ಊಟ ಪರವಾಗಿಲ್ಲ." ಅಲ್ಲಿ ಫೋನಿಲ್ಲ, ವಾರಕ್ಕೊಂದು ಸಾಮಾನಿನ ದೋಣಿ ಬಿಟ್ಟರೆ ಬೇರೆ ಗತಿಯಿಲ್ಲ ಎಂದು ನನಗೆ ಗೊತ್ತು. ಆದರೆ ಆ ದೋಣಿಗೆ ಒಂದು ಪುಟ ಬರೆದು ಹಾಕಿದರೆ ನಿನ್ನ ಕೈಯೇನೂ ಸವೆಯುವುದಿಲ್ಲ.

ನಾವು ಚೆನ್ನಾಗಿದ್ದೇವೆ. ನಿನ್ನ ಭಾವ ಎಂದಿನಂತೆ ಸಮುದ್ರದೊಳಕ್ಕೆ ಚಾಚಿದ ಧಕ್ಕೆಯ ತುತ್ತತುದಿಯಲ್ಲಿ ನಿಂತು, ಬರುವ ದೋಣಿಗಳ ಹಗ್ಗ ಹಿಡಿದು ಗೂಟಕ್ಕೆ ಕಟ್ಟುತ್ತಾರೆ. ಅವರಿಂದ ಹತ್ತು ಹೆಜ್ಜೆ ಈಚೆಗೆ ನಾನು ಈ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಟಿಕೆಟ್ ಹರಿಯುತ್ತೇನೆ. ಮದುವೆಯಾಗಿ ಹದಿನಾರು ವರ್ಷವಾದರೂ ದಿನಕ್ಕೆ ಹತ್ತು ಗಂಟೆ ಒಬ್ಬರ ಕಣ್ಣೆದುರು ಒಬ್ಬರು. "ಬೇರೆಯವರಿಗೆ ಸಂಜೆ ಮನೆಗೆ ಹೋದ ಮೇಲೆ ಹೆಂಡತಿ ಕಾಣ್ತಾಳೆ, ನನಗೆ ಮರೆಯೋಕೂ ಬಿಡುವಿಲ್ಲ" ಎಂದು ದೋಣಿಯವರನ್ನೆಲ್ಲ ನಗಿಸುತ್ತಾರೆ.

ಒಂದು ದೊಡ್ಡ ಸುದ್ದಿ. ನಮ್ಮ ಧಕ್ಕೆಗೆ ಕ್ರೇನ್ ಬರುತ್ತದೆಯಂತೆ. ದೋಣಿಯಿಂದ ಭಾರದ ಸಾಮಾನನ್ನು ಎತ್ತುವುದಕ್ಕೆ ಅದನ್ನು ಧಕ್ಕೆಯ ತುದಿಯಲ್ಲೇ ನಿಲ್ಲಿಸುತ್ತಾರೆ. ಮಾರ್ಚ್ ಹತ್ತಕ್ಕೆ ಮುಹೂರ್ತ. ಟೋಪಿ ಸಾಹೇಬರಂತೂ ನೆಲದ ಮೇಲಿಲ್ಲ. ನಮ್ಮ ಧಕ್ಕೆಯ ಮ್ಯಾನೇಜರು, ನಿನಗೆ ನೆನಪಿರಬೇಕು, ಬಿಸಿಲಿರಲಿ ಬಿಡಲಿ ತಲೆಯ ಮೇಲೊಂದು ಟೋಪಿ. ಪಾಪ, ಯಾರಿಗೂ ಟೋಪಿ ಹಾಕುವವರಲ್ಲ, ತಾವೇ ಹಾಕಿಕೊಳ್ಳುವವರು. ಕ್ರೇನಿಗೆ ಒಪ್ಪಿಗೆ ಕೊಡುವ ಮೊದಲು ಅವರು ಎರಡು ವರ್ಷದ ಹಿಂದೆ ನೀನು ಬರೆದ ವರದಿಯನ್ನು ತೆಗೆಸಿ ಓದಿದರು. ಒಂದೊಂದು ಕಂಬದ ಉಕ್ಕು ಎಷ್ಟು ದಪ್ಪ ಉಳಿದಿದೆ ಎಂದು ನೀನು ನೀರಿನಡಿ ಇಳಿದು ಅಳೆದದ್ದು, ಯಾವುದಕ್ಕೆ ಮೇಣದ ಪಟ್ಟಿ ಸುತ್ತಿದ್ದು, ಯಾವುದಕ್ಕೆ ತಗಡು ಬೆಸೆದು ಕಾಂಕ್ರೀಟು ಹಾಕಿದ್ದು, ಎಲ್ಲವೂ ಇದೆ. "ನಿಮ್ಮ ತಮ್ಮನ ಅಕ್ಷರ ಮುತ್ತಿನ ಹಾಗಿದೆಯಮ್ಮ" ಎಂದರು. ನಾನು ಅದರ ನಕಲು ಕೇಳಿ ತಂದು, ಕಟ್ಟು ಹಾಕಿಸಿ, ಟಿಕೆಟ್ ಕಿಟಕಿಯ ಮೇಲೆ ನೇತುಹಾಕಿದ್ದೇನೆ. ನಗಬೇಡ.

ಅದು ಉಪಯೋಗಕ್ಕೂ ಬರುತ್ತಿದೆ. ಈಚೆಗೆ ನೀರು ಪೂರ್ತಿ ಇಳಿದ ಹೊತ್ತಿನಲ್ಲಿ ತುದಿಯ ಕಡೆ ಒಂದು ಸದ್ದು ಬರುತ್ತದೆ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ. ಕೆಲವರು ದೋಣಿ ಹತ್ತಲು ಬಂದವರು ಹಿಂದೆ ಮುಂದೆ ನೋಡುತ್ತಾರೆ. ನಾನು ತಲೆಯೆತ್ತದೆ ಗೋಡೆಗೆ ಬೆರಳು ತೋರಿಸುತ್ತೇನೆ: "ನನ್ನ ತಮ್ಮ ಅಳೆದ ಕಂಬ. ಹತ್ತಿ." ಹತ್ತುತ್ತಾರೆ. ನನ್ನ ಕೋಣೆಯ ಬಾಗಿಲು ಮಾತ್ರ ಯಾಕೋ ಹಾಕಿಕೊಳ್ಳುತ್ತಿಲ್ಲ, ಮರ ಉಬ್ಬಿರಬೇಕು. ನೀನು ಬಂದಾಗ ಅಂಚಿಗೆ ಸ್ವಲ್ಪ ಹತ್ತರಿ ಹೊಡೆದು ಸವರಿಕೊಡು.

ಹೊಟ್ಟೆ ತುಂಬ ಉಣ್ಣು, ನೀರಿನಲ್ಲಿ ಅವಸರ ಮಾಡಬೇಡ.

ಅಕ್ಕ


ಜನವರಿ 20
ಬಾರ್ಜಿನಿಂದ

ಅಕ್ಕಾ,

ನಿನ್ನ ಪತ್ರ ಹದಿನಾಲ್ಕಕ್ಕೇ ಬಂತು. ಕೂಡಲೇ ಬರೆಯಬೇಕಿತ್ತು. ಕೆಲಸ ಜಾಸ್ತಿ ಇತ್ತು ಎಂದು ಬರೆಯುತ್ತಿದ್ದೇನೆ, ಜಾಸ್ತಿ ಇದ್ದದ್ದೂ ನಿಜ.

ಇಲ್ಲಿ ಹಳೆಯ ಧಕ್ಕೆಯೊಂದರ ನೂರಾರು ಕಂಬಗಳನ್ನು ಉಳಿಸಿಕೊಳ್ಳುವ ಕೆಲಸ. ಮೊದಲು ಕಂಬಕ್ಕೆ ಅಂಟಿದ ಚಿಪ್ಪುಗಳನ್ನೆಲ್ಲ ಕೆರೆದು ತೆಗೆಯಬೇಕು. ಆಮೇಲೆ ಮರಳನ್ನು ಜೋರಾಗಿ ಊದಿ ತುಕ್ಕು ಹಾರಿಸಬೇಕು. ಉಕ್ಕು ಬೆಳ್ಳಗೆ ಕಂಡ ಮೇಲೆ ಅಳತೆ. ದಪ್ಪ ಸಾಕಷ್ಟಿದ್ದರೆ ಮೇಣ ಹಚ್ಚಿದ ಪಟ್ಟಿಯನ್ನು ಕೈಕಾಲಿಗೆ ಬ್ಯಾಂಡೇಜು ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವಚ ತೊಡಿಸಿ ಬೋಲ್ಟು ಬಿಗಿಯುತ್ತೇವೆ. ಪಟ್ಟಿ ತುಕ್ಕು ತಡೆಯುತ್ತದೆ, ಆದರೆ ತೂಕ ಹೊರುವುದಿಲ್ಲ. ಉಕ್ಕು ತೀರ ತೆಳ್ಳಗಾದ ಕಂಬಕ್ಕೆ ಪಟ್ಟಿ ಸಾಲದು, ತಗಡು ಬೆಸೆದು ಸುತ್ತಲೂ ಕಾಂಕ್ರೀಟು ತುಂಬಬೇಕು.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಮುಳುಗುಗಾರರನ್ನು ಆಮೆಯಣ್ಣ ಎನ್ನುತ್ತಾರೆ. ನೀರಿನಲ್ಲಿ ಅವರು ಅವಸರ ಮಾಡಿದ್ದನ್ನು ಯಾರೂ ನೋಡಿಲ್ಲ. ದಪ್ಪ ಅಳೆಯುವ ಮೀಟರು ಕೈಯಲ್ಲಿದ್ದರೂ ನಂಬುವುದಿಲ್ಲ, ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡೇ ಇಳಿಯುತ್ತಾರೆ. "ಮೀಟರು ಹೇಳಿದ್ದನ್ನ ಸುತ್ತಿಗೆ ಹತ್ರ ಒಂದ್ಸಲ ಕೇಳ್ಬೇಕು ಕಣೋ" ಎನ್ನುತ್ತಾರೆ. ಮೊನ್ನೆ ಹದಿನೆಂಟರಂದು ಅವರ ಜೊತೆ ಒಂದು ಕಂಬ ನೋಡಿದೆ. ಅದನ್ನು ಕಂಡು ಸ್ವಲ್ಪ ಮನಸ್ಸು ಕೆಟ್ಟಿತು. ಇರಲಿ ಬಿಡು.

ಅಕ್ಕಾ, ನಿನ್ನ ಕೋಣೆಯ ಬಾಗಿಲು ಎಲ್ಲಿ ಹಿಡಿಯುತ್ತದೆ? ಕೀಲಿನ ಕಡೆಯೋ, ಚಿಲಕದ ಕಡೆ ಮೇಲಿನ ಮೂಲೆಯೋ? ಸುಮ್ಮನೆ ಕೇಳಿದೆ. ಇನ್ನೊಂದು ಮಾತು. ನಿನಗೀಗ ನಲವತ್ತು ದಾಟಿತು. ಇಡೀ ದಿನ ನೀರಿನ ಗಾಳಿಯಲ್ಲಿ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಟಿಕೆಟ್ ಕೊಡುವ ಜಾಗವನ್ನು ದಡದ ಗೇಟಿನ ಹತ್ತಿರ ಮಾಡಿಕೊಡಿ ಎಂದು ಟೋಪಿ ಸಾಹೇಬರನ್ನು ಕೇಳಬಾರದೇ? ಭಾವನಿಗೂ ವಯಸ್ಸಾಯಿತು. ಗೇಟಿನ ಕೆಲಸ ಅವರಿಗೂ ಹಿತ.

ಆ ವರದಿಯನ್ನು ಗೋಡೆಯಿಂದ ತೆಗೆದುಬಿಡು. ನಾಲ್ಕು ಜನ ನೋಡಿ ಆಡಿಕೊಳ್ಳುತ್ತಾರೆ.

ನಿನ್ನ ತಮ್ಮ


ಫೆಬ್ರವರಿ 1

ನನ್ನ ಮೊಣಕಾಲಿನ ವೈದ್ಯನಿಗೆ,

ನನ್ನ ಮೊಣಕಾಲಿಗೆ ಏನೂ ಆಗಿಲ್ಲ, ಬೇಕಾದರೆ ಓಡುವ ಪಂದ್ಯ ಇಟ್ಟು ನೋಡು. ನೀನು ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲೆ. ಸುಳ್ಳು ಹೇಳುವಾಗ ನೀನು ಯಾವಾಗಲೂ ಬೇರೆಯವರ ಆರೋಗ್ಯ ವಿಚಾರಿಸುತ್ತೀಯ.

ಪತ್ರ ಓದಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ನಿನ್ನ ಭಾವ ನನಗೆ ಗೊತ್ತಿಲ್ಲದೆ ನಿನಗೆ ಬರೆದಿದ್ದಾರೆ, ಅಲ್ಲವೇ? ಕೇಳಿದರೆ ತಲೆಯ ಮೇಲೆ ಕೈಯಿಟ್ಟು ಇಲ್ಲ ಎನ್ನುತ್ತಾರೆ. ಆದರೆ ನೀನು ಬರೆದಿರುವುದು ಅವರದೇ ಮಾತು. ಹೊಸ ವರ್ಷ ಶುರುವಾದಾಗಿನಿಂದ ನನಗೆ ಒಂದೇ ಸಮನೆ ಹೇಳುತ್ತಿದ್ದಾರೆ: "ತುದೀಲಿ ನಿಂತ್ರೆ ಕಾಲಡಿ ಏನೋ ಸರಿಯಿಲ್ಲ ಅನ್ಸತ್ತೆ ಕಣೆ. ದೋಣಿ ತಾಗಿದಾಗ ಮೊದಲು ಒಂದ್ಸಲ ಅಲ್ಲಾಡೋದು, ಈಗ ಮೂರು ಸಲ ಅಲ್ಲಾಡತ್ತೆ. ಗೇಟಿಗೆ ಹಾಕಿಸ್ಕೋತೀನಿ." ಹದಿನಾರು ವರ್ಷ ಹಗ್ಗ ಹಿಡಿದವರು ಈಗ ಗೇಟಿನಲ್ಲಿ ಕೂತು ನೊಣ ಹೊಡೆಯುತ್ತಾರಂತೆ!

ನನಗೆ ರೇಗಿತು. ಮೊನ್ನೆ ದೋಣಿಯವರೆಲ್ಲ ಇರುವಾಗಲೇ ಅಂದುಬಿಟ್ಟೆ: "ನನ್ನ ತಮ್ಮ ನೀರಿನಡಿ ಇಳೀತಾನೆ, ನಿಮಗೆ ನೀರಿನ ಮೇಲೆ ನಿಲ್ಲೋಕೆ ಭಯಾನಾ?" ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಮುಖ ಸಣ್ಣದಾಯಿತು. ಗೇಟಿನ ಅರ್ಜಿಯನ್ನು ಜೇಬಿನಿಂದ ತೆಗೆದು ನನ್ನೆದುರೇ ಹರಿದು ನೀರಿಗೆ ಹಾಕಿದರು. ಅಂದಿನಿಂದ ಆ ಮಾತೆತ್ತಿಲ್ಲ. ಸ್ವಲ್ಪ ಹೆಚ್ಚಾಯಿತೇನೋ ಎಂದು ನನಗೂ ಆಮೇಲೆ ಅನ್ನಿಸಿತು. ಆದರೆ ಯಾರಾದರೂ ಆ ಕಂಬಗಳ ಮೇಲೆ ಅನುಮಾನ ಪಟ್ಟರೆ ನಿನ್ನ ಮೇಲೆ ಪಟ್ಟ ಹಾಗೆ ಆಗುತ್ತದೆ ನನಗೆ, ಏನು ಮಾಡಲಿ?

ಬಾಗಿಲು ಹಿಡಿಯುವುದು ಚಿಲಕದ ಕಡೆ, ಮೇಲಿನ ಮೂಲೆಯಲ್ಲಿ. ಅಷ್ಟೇ ಅಲ್ಲ, ನನ್ನ ಕೋಣೆಯ ಮುಂದೆ ಕಾಂಕ್ರೀಟಿನ ಎರಡು ಹಾಸು ಸೇರುವ ಕಡೆ ಸಂದು ಬಿಟ್ಟಿದೆ. ಮೊದಲು ಟಿಕೆಟ್ ಹಾಳೆ ತೂರುತ್ತಿತ್ತು, ಈಗ ನನ್ನ ಬೆರಳು ತೂರುತ್ತದೆ. ಇವರು ಹಳೆಯ ಹಗ್ಗ ತುರುಕಿ ಮುಚ್ಚಿದ್ದಾರೆ. ಬಿಸಿಲಿಗೆ ಹಾಗಾಗುತ್ತದೆ ಎಂದು ಟೋಪಿ ಸಾಹೇಬರು ಹೇಳಿದರು.

ವರದಿ ಗೋಡೆಯ ಮೇಲೇ ಇರುತ್ತದೆ. ಆಡಿಕೊಳ್ಳುವವರು ಬರಲಿ, ನಾನಿದ್ದೇನೆ.

ಅಕ್ಕ


ಫೆಬ್ರವರಿ 11

ಅಕ್ಕಾ,

ಸಾಮಾನಿನ ದೋಣಿ ಹೊರಡಲು ಅರ್ಧ ಗಂಟೆಯಿದೆ, ಬೇಗ ಬರೆಯುತ್ತಿದ್ದೇನೆ. ಭಾವ ನನಗೆ ಏನೂ ಬರೆದಿಲ್ಲ. ಅವರ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಬರೆದಿಲ್ಲ. ಅವರ ಹತ್ತಿರ ಹಾಗೆ ಮಾತಾಡಬಾರದಿತ್ತು ನೀನು.

ಒಂದು ಕೆಲಸ ಮಾಡು. ಕ್ರೇನ್ ಬರುವ ಮೊದಲು ಕೊನೆಯ ಸಾಲಿನ ನಾಲ್ಕು ಕಂಬಗಳನ್ನು ಇನ್ನೊಮ್ಮೆ ನೋಡಿಸಿ ಎಂದು ಟೋಪಿ ಸಾಹೇಬರಿಗೆ ಹೇಳು. ಕವಚ ಬಿಚ್ಚಿ ನೋಡಬೇಕು, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ನಾನು ಬಳಸಿದ ಮೀಟರು ಹಳೆಯದು, ಒಂದೆರಡು ಅಂಕಿ ಆಚೀಚೆ ಆಗಿರಬಹುದು, ಅಷ್ಟೇ. ನಾನು ಹೇಳಿದೆ ಎಂದು ಮಾತ್ರ ಯಾರಿಗೂ ಹೇಳಬೇಡ. ಕಂಪನಿಯವರಿಗೆ ಗೊತ್ತಾದರೆ ಕಷ್ಟ.

ಭಾವ ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ. ದೋಣಿ ಕೂಗುತ್ತಿದೆ.

ತಮ್ಮ


ಫೆಬ್ರವರಿ 14

ಅಕ್ಕಾ,

ಮೂರು ದಿನದ ಹಿಂದೆ ಕಳಿಸಿದ ಪತ್ರದಲ್ಲಿ ಮತ್ತೆ ಸುಳ್ಳು ಬರೆದೆ. ಇದು ಹದಿನೆಂಟನೇ ತಾರೀಖಿನ ದೋಣಿಗೆ ಹೋಗುತ್ತದೆ, ಮಾರ್ಚ್ ಒಂದು ಎರಡರ ಹೊತ್ತಿಗೆ ನಿನ್ನ ಕೈ ಸೇರುತ್ತದೆ. ಹತ್ತಕ್ಕೆ ಕ್ರೇನ್. ಎಂಟು ದಿನ ಸಿಗುತ್ತದೆ ಎಂಬ ಲೆಕ್ಕದ ಮೇಲೆ ಉಸಿರಾಡುತ್ತಿದ್ದೇನೆ.

ಜನವರಿ ಹದಿನೆಂಟರಂದು ಆಮೆಯಣ್ಣನ ಜೊತೆ ನೋಡಿದೆ ಎಂದೆನಲ್ಲ, ಆ ಕಂಬಕ್ಕೆ ಮೀಟರು ಆರೂವರೆ ಮಿಲಿಮೀಟರು ತೋರಿಸಿತು. ಆರಕ್ಕಿಂತ ಹೆಚ್ಚಿದ್ದರೆ ಪಾಸು, ಪಟ್ಟಿ ಸುತ್ತಿದರೆ ಸಾಕು. ನಾನು ಹಲಗೆಯ ಮೇಲೆ ಬರೆದುಕೊಂಡೆ. ಆಮೆಯಣ್ಣ ಸುತ್ತಿಗೆ ಎತ್ತಿ ಒಂದು ಕೊಟ್ಟರು. ಸುತ್ತಿಗೆ ಒಳಗೆ ಹೋಯಿತು. ಒಡೆದು ಬಂದ ಉಕ್ಕಿನ ಚೂರನ್ನು ಮೇಲೆ ತಂದು ಅಳೆದು ನೋಡಿದರೆ ಮೂರೂಕಾಲು. "ಮೀಟರು ಸದ್ದು ಕಳಿಸಿ, ಅದು ಹಿಂದಕ್ಕೆ ಬರೋ ಹೊತ್ತನ್ನ ಎಣಿಸತ್ತೆ. ಉಕ್ಕು ತೀರ ತೆಳ್ಳಗಾಯ್ತೋ, ಮೊದಲ ಸದ್ದು ಅದರ ಕಿವಿ ತಪ್ಪಿಸಿಕೊಂಡು ಹೋಗತ್ತೆ. ಎರಡನೇದನ್ನ ಹಿಡ್ಕೊಂಡು ಎರಡರಷ್ಟು ಹೇಳತ್ತೆ. ನಿನಗೆ ಯಾರೂ ಹೇಳಿಲ್ವಾ?" ಎಂದರು. ಯಾರೂ ಹೇಳಿರಲಿಲ್ಲ.

ನಮ್ಮ ಧಕ್ಕೆಯ ಕೊನೆಯ ಸಾಲಿಗೆ ನಾನು ಬರೆದ ಅಂಕಿ: ಆರು ಪಾಯಿಂಟ್ ಎರಡು, ಆರು ಪಾಯಿಂಟ್ ನಾಲ್ಕು, ಆರು ಪಾಯಿಂಟ್ ಒಂದು, ಆರು ಪಾಯಿಂಟ್ ಎರಡು. ಬೇರೆ ಸಾಲುಗಳಲ್ಲೆಲ್ಲ ಎಂಟು, ಒಂಬತ್ತು. ಈ ನಾಲ್ಕು ಅಂಕಿಗಳ ಅರ್ಧರ್ಧ ಎಷ್ಟು ಎಂದು ನೀನೇ ನೋಡು.

ಇದಿಷ್ಟೇ ಆಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅಕ್ಕಾ, ಗೋಡೆಯ ಮೇಲಿನ ವರದಿಯ ಕೊನೆಯ ಸಾಲು ನೋಡು. ಮೂರನೆಯ ಕಂಬದ ಎದುರು ಒಂದು ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆದಿದೆ. ಹೊಡೆದುಹಾಕಿದ್ದು ಮೂರು. ಆವತ್ತು ಮೀಟರು ಒಂದೇ ಒಂದು ಸಲ ನಿಜ ಹೇಳಿತ್ತು. ಒಂಬತ್ತು, ಎಂಟು ಅಂತ ಬರುತ್ತಿದ್ದ ಕಡೆ ಮೂರು ಹೇಗೆ ಬರುತ್ತದೆ, ಮೀಟರು ಕೆಟ್ಟಿದೆ ಎಂದುಕೊಂಡೆ. ಚಳಿಯಿಂದ ಕೈ ಮರಗಟ್ಟಿತ್ತು, ನೀರು ಏರುತ್ತಿತ್ತು, ಮೇಲಿನಿಂದ ಹಗ್ಗ ಜಗ್ಗಿ ಕರೆಯುತ್ತಿದ್ದರು. ಮತ್ತೆ ಒತ್ತಿ ನೋಡಿದೆ, ಆರು ಪಾಯಿಂಟ್ ಒಂದು ಬಂತು. ಅದೇ ನನಗೆ ಬೇಕಾಗಿದ್ದ ಅಂಕಿ. ಮೂರನ್ನು ಹೊಡೆದು ಅದನ್ನು ಬರೆದುಕೊಂಡು ಮೇಲೆ ಬಂದೆ, ಹಲಗೆಯಲ್ಲಿದ್ದ ಹಾಗೇ ವರದಿಗೂ ಇಳಿಸಿದೆ. ಮರುದಿನ ನಾನೇ ಆ ನಾಲ್ಕಕ್ಕೂ ಪಟ್ಟಿ ಸುತ್ತಿ, ಕವಚ ಹಾಕಿ, ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿದೆ.

ಕ್ರೇನ್ ಬೇಡ, ಭಾರದ ದೋಣಿಯೊಂದು ಜೋರಾಗಿ ತಾಗಿದರೂ ಸಾಕು. ನೀನು ಹೇಳಿದ ಸದ್ದು, ಬಾಗಿಲು, ಸಂದು, ಮೂರಕ್ಕೂ ಅರ್ಥ ಒಂದೇ. ನಿನ್ನ ಕೋಣೆ ನಿಂತಿರುವುದು ಆ ಸಾಲಿನ ಮೇಲೆ. ಭಾವ ನಿಲ್ಲುವುದೂ ಅದರ ಮೇಲೆ.

ವೈರ್‌ಲೆಸ್ ಇರುವುದು ಸೂಪರ್‌ವೈಸರ್ ಕೋಣೆಯಲ್ಲಿ. ನಿನ್ನೆ ಹೋಗಿ ಎಲ್ಲ ಹೇಳಿ, ನಿಮಗೆ ಸುದ್ದಿ ಮುಟ್ಟಿಸಿ ಎಂದು ಬೇಡಿದೆ. ನಮ್ಮ ಧಕ್ಕೆಯ ಕೆಲಸ ಮಾಡಿದ್ದೂ ಇದೇ ಕಂಪನಿ ತಾನೇ. "ಮುಗಿದ ಕೆಲಸ ಕೆದಕಬೇಡ, ಪರವಾನಗಿ ಹೋಗತ್ತೆ, ಜೈಲೂ ಆಗತ್ತೆ. ಹೋಗಿ ಮಲಕ್ಕೋ" ಎಂದರು. ಇದೇ ಮಾತನ್ನು ನಾನು ನನಗೇ ಇಷ್ಟು ದಿನ ಹೇಳಿಕೊಂಡಿದ್ದೆ. ಅದನ್ನು ಅವರ ಬಾಯಲ್ಲಿ ಕೇಳಿದ ಮೇಲೆ ಈ ಪತ್ರಕ್ಕೆ ಕೂತೆ.

ಈ ಪತ್ರವನ್ನು ಟೋಪಿ ಸಾಹೇಬರ ಕೈಯಲ್ಲಿಡು. ಒಂದಕ್ಷರವನ್ನೂ ಮುಚ್ಚಬೇಡ. ಅದಕ್ಕಿಂತ ಮೊದಲು ಭಾವನನ್ನು ದಡಕ್ಕೆ ಕರೆ. ನನಗೆ ಬಹಳ ಹೆದರಿಕೆಯಾಗುತ್ತಿದೆ ಅಕ್ಕಾ.

ತಮ್ಮ


ಫೆಬ್ರವರಿ 23

ತಮ್ಮಾ,

ಹನ್ನೊಂದನೇ ತಾರೀಖಿನ ನಿನ್ನ ಅವಸರದ ಪತ್ರ ನಿನ್ನೆ ಬಂತು. ಯಾರಿಗೂ ಹೇಳಬೇಡ ಎಂದೆಯಲ್ಲ, ಹೇಳಿಲ್ಲ, ನಿಶ್ಚಿಂತೆಯಿಂದಿರು. ಟೋಪಿ ಸಾಹೇಬರ ಬಾಗಿಲವರೆಗೂ ಹೋಗಿದ್ದೆ. ಒಳಗೆ ಹೋಗಿ ಏನೆನ್ನಲಿ? ನಿನ್ನ ಹೆಸರು ಹೇಳದೆ ಕಂಬ ಬಿಚ್ಚಿ ಎಂದರೆ, ಟಿಕೆಟ್ ಹರಿಯುವವಳ ಮಾತು ಯಾರು ಕೇಳುತ್ತಾರೆ? ಹೇಳಿದರೆ ನಿನ್ನ ಮರ್ಯಾದೆ. ಒಂದೆರಡು ಅಂಕಿ ಆಚೀಚೆ ಎಂದು ನೀನೇ ಬರೆದಿದ್ದೀಯ. ಅಷ್ಟಕ್ಕೆ ನಿನ್ನ ಅನ್ನಕ್ಕೆ ಕಲ್ಲು ಹಾಕಲು ನನಗೆ ಮನಸ್ಸಾಗಲಿಲ್ಲ. ವಾಪಸು ಬಂದೆ.

ಕ್ರೇನ್ ಬೇಗ ಸಿಕ್ಕಿತಂತೆ. ಮುಹೂರ್ತವನ್ನು ಮಾರ್ಚ್ ಎರಡಕ್ಕೆ ತಂದಿದ್ದಾರೆ. ಕೆಲಸದವರೆಲ್ಲ ಮನೆಮಂದಿಯನ್ನು ಕರೆತರಬೇಕು, ಧಕ್ಕೆಯ ಮೇಲೆ ನಿಂತು ನೋಡಬೇಕು ಎಂದು ಸಾಹೇಬರ ಅಪ್ಪಣೆ. ಕ್ರೇನ್ ಹೊತ್ತು ತರುವ ಲಾರಿಗೆ ಮುಂದೆ ನಿಂತು ಬಾವುಟ ತೋರಿಸುವ ಕೆಲಸ ನಿನ್ನ ಭಾವನದು.

ನಿನ್ನ ಭಯ ನನಗೂ ಅಂಟಿತೋ ಏನೋ. ಇವತ್ತು ಮೇಜಿನ ಮೇಲೆ ಪೆನ್ಸಿಲು ಇಟ್ಟೆ, ತಾನಾಗಿ ಉರುಳಿ ಸಮುದ್ರದ ಕಡೆಯ ಅಂಚಿನಿಂದ ಬಿತ್ತು. ಎತ್ತಿಟ್ಟೆ, ಮತ್ತೆ ಬಿತ್ತು. ಮೂರನೆಯ ಸಲ ಇಡಲಿಲ್ಲ. ಇವರಿಗೆ ಹೇಳಲೂ ಇಲ್ಲ. ಹೇಳಿದರೆ ನಾನು ಸೋತ ಹಾಗೆ. ಮೇಜಿನ ಕಾಲು ಸವೆದಿರಬೇಕು.

ಅಕ್ಕ


ಮಾರ್ಚ್ 4

ಅಕ್ಕಾ,

ಮಧ್ಯಾಹ್ನ ನೀರಿನಿಂದ ಮೇಲೆ ಬಂದೆ. ಸಾಮಾನಿನ ದೋಣಿ ಬಂದು ಹೋಗಿಯಾಗಿತ್ತು. ಚೀಲದಲ್ಲಿ ನಿನ್ನ ಪತ್ರವಿತ್ತು. ಮಾರ್ಚ್ ಎರಡು ಎಂದು ಓದಿದೆ. ಇವತ್ತು ನಾಲ್ಕು.

ನನ್ನ ಪತ್ರ ಒಂದನೇ ತಾರೀಖಿಗೆ ಬಂತೋ, ಮೂರಕ್ಕೆ ಬಂತೋ? ಬಂದಾಗ ಓದಲು ನೀನು ಇದ್ದೆಯೋ? ನೂರು ಸಲ ಎಣಿಸಿದೆ, ಒಂದು ಸಲ ಸರಿಹೋಗುತ್ತದೆ, ಒಂದು ಸಲ ತಪ್ಪುತ್ತದೆ. ಸೂಪರ್‌ವೈಸರ್ ಕಾಲು ಹಿಡಿದೆ. ವೈರ್‌ಲೆಸ್‌ನಲ್ಲಿ ದಡದ ಕಚೇರಿಯನ್ನು ಕೇಳಿದರು. ನಾಳೆ ವಿಚಾರಿಸಿ ಹೇಳುತ್ತೇವೆ ಎಂದು ಉತ್ತರ. ನಾಳೆಯವರೆಗೆ ನಾನು ಏನು ಮಾಡಲಿ? ಆಮೆಯಣ್ಣ ಪಕ್ಕದಲ್ಲಿ ಕೂತಿದ್ದಾರೆ.

ಹನ್ನೊಂದರ ದೋಣಿಗೆ ಬಿಟ್ಟರೂ ಬಿಡದಿದ್ದರೂ ಹೊರಡುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ. ಅಕ್ಕಾ ಎಂದು ಬರೆಯುವಾಗಲೆಲ್ಲ ಕೈ ನಿಲ್ಲುತ್ತದೆ.


ಮಾರ್ಚ್ 9
ಮನೆಯಿಂದ

ತಮ್ಮಾ,

ಇದನ್ನು ನಿನ್ನ ಕಂಪನಿಯ ದಡದ ಕಚೇರಿಗೆ ಹಾಕುತ್ತಿದ್ದೇನೆ. ಹನ್ನೊಂದರ ದೋಣಿಗೆ ನಿನ್ನನ್ನು ಇಳಿಸುತ್ತಾರಂತೆ, ಇಳಿದ ಕೂಡಲೇ ಕೈಗೆ ಸಿಗಲಿ. ನಾವಿಬ್ಬರೂ ಬದುಕಿದ್ದೇವೆ ಎಂದು ವೈರ್‌ಲೆಸ್‌ನಲ್ಲಿ ಹೇಳಿಸಿದ್ದೆ. ಉಳಿದದ್ದನ್ನು ನಾನೇ ಹೇಳಬೇಕು.

ನಿನ್ನ ಹದಿನಾಲ್ಕನೇ ತಾರೀಖಿನ ಪತ್ರ ಬಂದದ್ದು ಮಾರ್ಚ್ ಎರಡರ ಬೆಳಿಗ್ಗೆ ಹನ್ನೊಂದಕ್ಕೆ. ಧಕ್ಕೆಯ ಮೇಲೆ ಅರವತ್ತು ಎಪ್ಪತ್ತು ಜನ ಸೇರಿದ್ದರು, ಹೆಂಗಸರು ಮಕ್ಕಳು ಎಲ್ಲ. ಕ್ರೇನ್ ಹೊತ್ತ ಲಾರಿ ಗೇಟು ದಾಟಿತ್ತು. ನೀರು ಇಳಿಯುತ್ತಿತ್ತು. ಓದುತ್ತಾ ಓದುತ್ತಾ ತಲೆಯೆತ್ತಿ ಗೋಡೆ ನೋಡಿದೆ. ಎರಡು ತಿಂಗಳಿಂದ ಜನರಿಗೆ ಬೆರಳು ಮಾಡಿ ತೋರಿಸಿದ್ದೆನಲ್ಲ, ಹೊಡೆದುಹಾಕಿದ ಆ ಅಂಕಿಯನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಟೋಪಿ ಸಾಹೇಬರ ಹತ್ತಿರ ಓಡಿದೆ. ಅವರು ಪತ್ರ ಅರ್ಧ ಓದಿ ಮಡಚಿದರು. "ಅಮ್ಮಾ, ಅದು ವರದಿ, ಇದು ಪತ್ರ. ಮುದ್ರೆ ಇರೋದು ಯಾವುದಕ್ಕೆ? ನಾಳೆ ನೋಡೋಣ" ಎಂದರು. ಲಾರಿ ಹೊರಟಿತು. ಇವರು ಬಾವುಟ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ತುದಿಯ ಕಡೆ ಹೋಗುತ್ತಿದ್ದರು. "ಬನ್ರೀ ಈಚೆಗೆ!" ಎಂದು ಕೂಗಿದೆ. ಇವರು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಯಾಕೇ? ನಿನ್ನ ತಮ್ಮ ಅಳೆದ ಕಂಬ ಅಲ್ವಾ?" ಎಂದರು. ತಮಾಷೆಗಲ್ಲ. ಒಂದು ತಿಂಗಳು ಒಳಗಿಟ್ಟುಕೊಂಡಿದ್ದ ಮಾತು ಅದು. ಅಂದು ನಕ್ಕವರೆಲ್ಲ ಮತ್ತೆ ನಕ್ಕರು.

ಆಗ ನಾನು ಲಾರಿಯನ್ನು ದಾಟಿ ಓಡಿ, ಸಂದಿನ ಈಚೆ, ಚಕ್ರಕ್ಕೆ ಅಡ್ಡವಾಗಿ ಕೂತುಬಿಟ್ಟೆ. "ನನ್ನ ತಮ್ಮ ತಪ್ಪು ಅಳೆದಿದಾನೆ! ಕಂಬ ಕೆಟ್ಟಿದೆ! ಅವನೇ ಬರ್ದಿದಾನೆ, ಎಲ್ಲಾರೂ ದಡಕ್ಕೆ ಹೋಗಿ!" ಎಂದು ಕಿರುಚಿದೆ. ಹೇಳಲು ನಾಚಿಕೆಯಾಗಲಿಲ್ಲ, ಕಾಲಡಿಯ ಮೂರು ಮಿಲಿಮೀಟರು ಬಿಟ್ಟರೆ ಏನೂ ತಲೆಯಲ್ಲಿರಲಿಲ್ಲ. ಟೋಪಿ ಸಾಹೇಬರು ನನ್ನನ್ನು ಎಬ್ಬಿಸಿ ಎಂದರು. ಯಾರೂ ಮುಂದೆ ಬರಲಿಲ್ಲ. ಮೊದಲು ನಂಬಿದವನು ಲಾರಿಯ ಡ್ರೈವರು, ಗುರುತು ಪರಿಚಯ ಇಲ್ಲದವನು. ಇಂಜಿನ್ ಆರಿಸಿ ಕೆಳಗಿಳಿದು, "ಇದರ ಮೇಲೆ ಕೂರೋನು ನಾನು. ಕಂಬ ನೋಡಿ, ಆಮೇಲೆ ಕರೀರಿ" ಎಂದು ಕೀಲಿ ಜೇಬಿಗೆ ಹಾಕಿಕೊಂಡು ದಡಕ್ಕೆ ನಡೆದ. ಅವನ ಹಿಂದೆ ಜನ ಹೋದರು.

ಕ್ರೇನ್ ಕೂರಿಸಲು ಬಂದಿದ್ದ ಬೆಸುಗೆಯವರೊಬ್ಬರು ಚಿಕ್ಕ ದೋಣಿಯಲ್ಲಿ ಕೆಳಗೆ ಹೋಗಿ ಮೂರನೆಯ ಕಂಬದ ಕವಚ ಕೊಯ್ದು, ಪಟ್ಟಿ ಬಿಚ್ಚಿ, ಸುತ್ತಿಗೆಯಿಂದ ಬಡಿದರು. ಎರಡನೆಯ ಏಟಿಗೆ ಸುತ್ತಿಗೆಯ ತಲೆ ಒಳಗೆ ಹೋಗಿ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದಾಗ ಕಂಬದೊಳಗಿನಿಂದ ಕಂದು ನೀರು ಸುರಿಯಿತು. ಅವರು ಮೇಲೆ ನೋಡಿ, ದಡಕ್ಕೆ ಹೋಗಿ ಎಂದು ನಮಗೆ ಕೈ ಬೀಸಿದರು. ಇವರು ಇನ್ನೂ ಸಂದಿನ ಆಚೆಗೇ ಇದ್ದರು. ನಾನು ಕೈ ಚಾಚಿದೆ. ಹಿಡಿಯದೆ ತಾವೇ ದಾಟಿ ಬಂದರು. ದಡದವರೆಗೆ ನೂರಿಪ್ಪತ್ತು ಹೆಜ್ಜೆ. ಓಡಿದರೆ ಅಲ್ಲಾಡುತ್ತದೆ ಎಂದು ಇಬ್ಬರೂ ಮೆಲ್ಲಗೆ ನಡೆದೆವು. ಹಾಗೆ ನಾನು ಎಂದೂ ಹೆದರಿಲ್ಲ.

ಲಾರಿಯನ್ನು ಹಿಂದಕ್ಕೆ ಎಳೆದರು. ಆರನೇ ತಾರೀಖು ಮಧ್ಯಾಹ್ನ ನೀರು ಇಳಿದಾಗ ಕೊನೆಯ ಸಾಲು ತಾನಾಗಿ ಮಡಚಿ ಬಿತ್ತು. ಮೇಲೆ ಯಾರೂ ಇರಲಿಲ್ಲ. ನನ್ನ ಕೋಣೆ, ಕಟ್ಟು ಹಾಕಿಸಿದ ವರದಿ, ಗೂಟಗಳು, ಎಲ್ಲ ಹೋಯಿತು. ಇವರು ಈಗ ಮನೆಯ ಮೆಟ್ಟಿಲನ್ನೂ ಕಾಲಿನಿಂದ ತಟ್ಟಿ ನೋಡಿ ಹತ್ತುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ, ಉಣ್ಣುತ್ತಾರೆ, ನಗಿಸುವುದಿಲ್ಲ.

ಊರಿನವರು ನಿನ್ನ ಪತ್ರದಿಂದ ಉಳಿದೆವು ಎನ್ನುತ್ತಾರೆ. ತನ್ನ ತಪ್ಪು ತಾನೇ ಬರೆದು ಕಳಿಸಿದ ಎಂದು ಹೊಗಳುವವರೂ ಇದ್ದಾರೆ. ನನಗೆ ಹಾಗೆನ್ನಲು ಬಾಯಿ ಬರುತ್ತಿಲ್ಲ. ನಿನ್ನೆ ನಿನ್ನ ಪತ್ರಗಳನ್ನೆಲ್ಲ ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದೆ. ನಿನಗೆ ಗೊತ್ತಾದದ್ದು ಜನವರಿ ಹದಿನೆಂಟಕ್ಕೆ. ನನಗೆ ಬರೆದದ್ದು ಫೆಬ್ರವರಿ ಹದಿನಾಲ್ಕಕ್ಕೆ. ಇಪ್ಪತ್ತೇಳು ದಿನ. ಆ ನಡುವೆ ಎರಡು ದೋಣಿ ಖಾಲಿ ಹೋದವು, ಎರಡು ದೋಣಿಯಲ್ಲಿ ನನ್ನ ಮೊಣಕಾಲೂ ಹಳೆಯ ಮೀಟರೂ ಬಂದವು. ಇವರು ಮಾತ್ರ ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಆ ತುದಿಗೆ ಹೋಗಿ ನಿಂತರು, ನಾನು ಅಂದ ಮಾತಿಗಾಗಿ.

ತನಿಖೆಗೆ ಬಂದವರು ಪತ್ರಗಳನ್ನು ಕೇಳಿದರು. ಹದಿನಾಲ್ಕನೇ ತಾರೀಖಿನದೊಂದನ್ನೇ ಕೊಟ್ಟಿದ್ದರೆ ನೀನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ಆಮೇಲೆ ಎಲ್ಲವನ್ನೂ ಕೊಟ್ಟೆ. ನನ್ನ ಪತ್ರಗಳು ನಿನ್ನ ಹತ್ತಿರ ಇವೆ, ನನಗಾಗಿ ಹರಿದು ಹಾಕಬೇಡ. ಹೆದರಿದವರ ಬಾಯಿ ಮುಚ್ಚಿಸಿದ್ದು ಯಾರು, ಪೆನ್ಸಿಲು ಉರುಳಿದ್ದನ್ನು ನೋಡಿಯೂ ಸುಮ್ಮನಿದ್ದದ್ದು ಯಾರು ಎಂಬುದು ಅವುಗಳಲ್ಲಿದೆ. ಅವನ್ನೂ ತಂದು ಅವರಿಗೆ ಕೊಡು, ಇಬ್ಬರದನ್ನೂ ಒಟ್ಟಿಗೆ ಓದಲಿ.

ಬಸ್ ನಿಲ್ದಾಣಕ್ಕೆ ನಾನು ಬರುತ್ತೇನೆ. ಮನೆಗೆ ಬಾ, ಕೈಕಾಲು ತೊಳೆ, ಉಣ್ಣು. ಆಮೇಲೆ ಇವರ ಎದುರು ಕೂತು ಆ ಇಪ್ಪತ್ತೇಳು ದಿನ ಏನು ಮಾಡುತ್ತಿದ್ದೆ ಎಂದು ಹೇಳು. ಇವರು ಆ ಪ್ರಶ್ನೆ ಕೇಳುವುದಿಲ್ಲ. ಕೇಳುತ್ತಿರುವವಳು ನಾನು.

ಅಕ್ಕ